ನಾಲ್ಕು ಬೇಸಿಗೆ, ಎರಡು ಬೆರಳು: ಕಲಬುರಗಿ ಬಿಸಿಲಲ್ಲಿ ಸನ್‌ಸ್ಕ್ರೀನ್ ಬಳಸಿದ ಅನುಭವ

ಎರಡನೇ ಹೆರಿಗೆ ಆದ ಮೇಲೆ ನನ್ನ ಎರಡೂ ಕೆನ್ನೆ ಮೇಲೆ ಬಂಗು ಬಂತು. ಮೊದಲು ಚಹಾ ಚೆಲ್ಲಿದ ಕಲೆಯಷ್ಟೇ ಇತ್ತು. ಎರಡು ವರ್ಷದಲ್ಲಿ ಹಣೆಗೂ ಮೇಲ್ತುಟಿಗೂ ಹರಡಿತು. ನಮ್ಮ ಮನೆ ಕಲಬುರಗಿಯಲ್ಲಿ. ಆಫೀಸು 14 ಕಿಲೋಮೀಟರ್ ದೂರ. ಹೋಗಿ ಬರುವುದು ಸ್ಕೂಟಿಯಲ್ಲಿ. ದಾರಿಯುದ್ದಕ್ಕೂ ತೊಗರಿ ಹೊಲ, ಬೇಸಿಗೆಯಲ್ಲಿ ಅದೂ ಬರೀ ಕರಿ ನೆಲ. ನಿಲ್ಲೋಣ ಅಂದರೆ ಬೇವಿನ ಮರ ಮೂರೋ ನಾಲ್ಕೋ ಸಿಗುತ್ತವೆ, ಅಷ್ಟೇ.

2021ರ ಕೊನೆಯಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದೆ. ಮುಲಾಮಿನ ಚೀಟಿ ಬರೆಯುವ ಮೊದಲೇ ಅವರು ಒಂದು ಮಾತು ಹೇಳಿದರು. ಸನ್‌ಸ್ಕ್ರೀನ್ ಸರಿಯಾಗಿ ಹಚ್ಚದಿದ್ದರೆ ಈ ಔಷಧಿಗೆ ಹಾಕಿದ ದುಡ್ಡು ದಂಡ ಅಂತ. ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಬೇಸಿಗೆ ಆಗಿವೆ. ಐದು ಬಗೆಯ ಸನ್‌ಸ್ಕ್ರೀನ್ ಬಳಸಿದ್ದೇನೆ. ಕಂಪನಿಗಳ ಹೆಸರು ಇಲ್ಲಿ ಹೇಳುವುದಿಲ್ಲ. ನನ್ನ ಕಣ್ಣಿಗೆ ಉರಿ ತಂದದ್ದು ನಿಮಗೆ ಏನೂ ಮಾಡದೇ ಇರಬಹುದು. ಬಗೆ ಯಾವುದು ಅಂತ ಗೊತ್ತಾದರೆ ಅಂಗಡಿಯಲ್ಲಿ ನಿಂತು ನೀವೇ ಆರಿಸಬಹುದು.

ಮೊದಲು ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ, ಯಾಕಂದರೆ ನನಗೆ ಗೊತ್ತಿರುವ ಹೆಚ್ಚಿನವರು ಇದನ್ನೇ ಮಾಡುತ್ತಾರೆ. ಮೊದಲ ಟ್ಯೂಬು 50 ಗ್ರಾಮಿನದ್ದು. ಅದು ನನಗೆ ಐದು ತಿಂಗಳು ಬಂತು. ಎಷ್ಟು ಚೆನ್ನಾಗಿ ಬಾಳಿಕೆ ಬಂತಲ್ಲ ಅಂತ ಖುಷಿಪಟ್ಟೆ. ಬಂಗು ಮಾತ್ರ ಒಂದು ಚೂರೂ ಕಡಿಮೆ ಆಗಲಿಲ್ಲ. ಮತ್ತೆ ತೋರಿಸಲು ಹೋದಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಟ್ಯೂಬು ಎಷ್ಟು ದಿನ ಬಂತು?" ಲೆಕ್ಕ ಹಾಕಿ ನೋಡಿ. 50 ಗ್ರಾಂ, 150 ದಿನ. ದಿನಕ್ಕೆ ಒಂದು ಗ್ರಾಮಿನ ಮೂರನೇ ಒಂದು ಪಾಲು. ಮುಖಕ್ಕೆ ಒಂದು ಸಲಕ್ಕೇ ಹೆಚ್ಚುಕಮ್ಮಿ ಒಂದು ಗ್ರಾಂ ಬೇಕು.

ಟ್ಯೂಬಿನ ಮೇಲೆ ಬರೆದಿರುವ ಎಸ್‌ಪಿಎಫ್ 50 ಅನ್ನುವ, ಬಿಸಿಲು ತಡೆಯುವ ಶಕ್ತಿಯ ಅಂಕಿ ಸುಮ್ನೆ ಬರುವುದಿಲ್ಲ. ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅದನ್ನು ಅಳೆಯುತ್ತಾರೆ. ನಾವು ಕಾಡಿಗೆ ತೀಡಿದ ಹಾಗೆ ಒಂದು ಚುಕ್ಕೆ ಇಟ್ಟು ಮುಖಕ್ಕೆಲ್ಲ ಸವರಿದರೆ ಆ 50 ನಮಗೆ ಸಿಗುವುದಿಲ್ಲ. ಮನೆಯಲ್ಲಿ ಅಳೆಯಲು ಸುಲಭದ ದಾರಿ ಇದೆ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಉದ್ದ ಗೆರೆ ಎಳೆಯಿರಿ. ಅಷ್ಟು ಮುಖಕ್ಕೆ. ಕುತ್ತಿಗೆ, ಕಿವಿಗೆ ಬೇರೆ. ಒಂದೇ ಸಲ ಹಚ್ಚಿದರೆ ಜಾಸ್ತಿ ಅನಿಸುತ್ತದೆ. ನಾನು ಒಂದು ಬೆರಳಿನದ್ದು ಹಚ್ಚಿ, ಜಡೆ ಹಾಕಿಕೊಂಡು, ಆಮೇಲೆ ಇನ್ನೊಂದು ಬೆರಳಿನದ್ದು ಹಚ್ಚುತ್ತೇನೆ.

ಇದು ಗೊತ್ತಾದ ಮೇಲೆ ನಾನು ಸನ್‌ಸ್ಕ್ರೀನ್ ಆರಿಸುವ ರೀತಿಯೇ ಬದಲಾಯಿತು. 43 ಡಿಗ್ರಿ ಬಿಸಿಲಿರುವ ಊರಲ್ಲಿ, ಸ್ನಾನ ಮಾಡಿ ಬಂದ ಹತ್ತೇ ನಿಮಿಷಕ್ಕೆ ಬೆವರುವಾಗ, ಎರಡು ಬೆರಳು ತುಂಬ ಹಚ್ಚಿಕೊಂಡು ತಡೆಯಲು ಆಗುತ್ತದಾ? ಈಗ ನಾನು ಮೊದಲು ನೋಡುವುದು ಇದನ್ನೇ. ಆಗದಿದ್ದರೆ ಅದರ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿದ್ದರೂ ನನಗೆ ಬೇಡ.

ಅಂಕಿ ಅಂದೆನಲ್ಲ, ಅದನ್ನೂ ಹೇಳುತ್ತೇನೆ. ಎಸ್‌ಪಿಎಫ್ ಅಂದರೆ ಚರ್ಮ ಕೆಂಪಾಗಿ ಸುಡುವಂತೆ ಮಾಡುವ ಯುವಿಬಿ ಕಿರಣದ ಲೆಕ್ಕ. ಸರಿಯಾಗಿ ಹಚ್ಚಿದರೆ 30 ಇರುವುದು ಸುಮಾರು 97% ತಡೆಯುತ್ತದೆ, 50 ಇರುವುದು ಸುಮಾರು 98%. ಹಾಗಾಗಿ 50 ದಾಟಿದ ಅಂಕಿಗೆ ಜಾಸ್ತಿ ದುಡ್ಡು ಕೊಡಬೇಡಿ. ಚರ್ಮ ಕಪ್ಪಾಗಿಸುವ, ಸುಕ್ಕು ತರುವ ಯುವಿಎ ಕಿರಣಕ್ಕೆ ಪಿಎ ಅಂತ ಬೇರೆ ಗುರುತು ಇದೆ. ಇದು ಜಪಾನಿನಿಂದ ಬಂದದ್ದು. ಪ್ಲಸ್ ಗುರುತು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು, ನಾಲ್ಕು ಪ್ಲಸ್ ಅಂದರೆ ಎಲ್ಲಕ್ಕಿಂತ ಮೇಲಿನದು. ಯುವಿಎ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಆಫೀಸಿನಲ್ಲಿ ನನ್ನ ಟೇಬಲ್ಲು ಪಡುವಣ ಕಿಟಕಿ ಪಕ್ಕದಲ್ಲಿತ್ತು. ಆ ಬದಿಯ ಕೆನ್ನೆಯ ಬಂಗೇ ಗಾಢವಾಗಿತ್ತು. ಈಗ ಟೇಬಲ್ಲು ಬದಲಾಯಿಸಿಕೊಂಡಿದ್ದೇನೆ.

ಇನ್ನು ಒಂದೊಂದೇ ಬಗೆಯ ವಿಷಯ. ಮೊದಲಿನದು ಗಟ್ಟಿ ಬಿಳಿ ಕ್ರೀಮು. ಝಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವಂಥದ್ದು. ಚರ್ಮಕ್ಕೆ ಮೃದು, ಕಣ್ಣಿಗೆ ಉರಿ ಇಲ್ಲ. ಆದರೆ ನನ್ನದು ಎಣ್ಣೆಗಪ್ಪು ಬಣ್ಣ. ಎರಡು ಬೆರಳು ಹಚ್ಚಿದರೆ ಮುಖದ ಮೇಲೆ ಬೂದಿ ಕೂತ ಹಾಗೆ ಕಾಣುತ್ತಿತ್ತು. ಆಫೀಸಿನಲ್ಲಿ ಒಬ್ಬರು, "ಯಾಕ್ರೀ ಮೇಡಂ, ಆರಾಮಿಲ್ಲೇನ್ರೀ?" ಅಂತ ನಿಜವಾಗಿ ಕಾಳಜಿಯಿಂದ ಕೇಳಿದರು. ಮರುದಿನದಿಂದ ನಾನು ಕಡಿಮೆ ಹಚ್ಚತೊಡಗಿದೆ. ಐದು ತಿಂಗಳು ಬಂದದ್ದು ಇದೇ ಟ್ಯೂಬು. ಮಕ್ಕಳಿಗೆ, ಬಲು ನಾಜೂಕು ಚರ್ಮದವರಿಗೆ ಈ ಬಗೆ ಒಳ್ಳೆಯದೇ. ನಮ್ಮಂಥ ಬಣ್ಣದವರು ಕೊಳ್ಳುವ ಮೊದಲು ದವಡೆ ಮೇಲೆ ಹಚ್ಚಿ, ಹೊರಗಿನ ಬೆಳಕಿಗೆ ಬಂದು ಕನ್ನಡಿ ನೋಡಿಕೊಳ್ಳಿ.

ಎರಡನೆಯದು ನೀರಿನ ಹಾಗೆ ತೆಳುವಾದ ಜೆಲ್. ಹಚ್ಚಿದರೆ ತಂಪು, ಕ್ಷಣದಲ್ಲಿ ಒಣಗುತ್ತದೆ. ಮನೆಯಲ್ಲಿ ಹಚ್ಚಿದಾಗ ಇದಕ್ಕಿಂತ ಒಳ್ಳೆಯದಿಲ್ಲ ಅನಿಸಿತು. ಸ್ಕೂಟಿ ಮೇಲೆ ಎಂಟು ಕಿಲೋಮೀಟರ್ ಆಗಿರಬೇಕು, ಹೆಲ್ಮೆಟ್ಟಿನ ಒಳಗಿಂದ ಬೆವರು ಇಳಿದು ಕಣ್ಣಿಗೆ ಬಿತ್ತು. ಮೆಣಸಿನಪುಡಿ ಬಿದ್ದಂತೆ ಉರಿ. ಎದುರಿಗೆ ಲಾರಿ ಬರುತ್ತಿತ್ತು. ಕಣ್ಣು ಬಿಡಲಾಗದೆ ಹೇಗೋ ಬದಿಗೆ ನಿಲ್ಲಿಸಿದೆ. ಕೈ ಅರ್ಧ ಗಂಟೆ ನಡುಗುತ್ತಿತ್ತು. ಗಾಡಿ ಓಡಿಸುವವರು ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಹೊಸ ಸನ್‌ಸ್ಕ್ರೀನನ್ನು ಮೊದಲು ರಜೆ ದಿನ ಹಚ್ಚಿ, ಮನೆ ಕೆಲಸ ಮಾಡಿ, ಬೆವರಿ ನೋಡಿ. ಹಣೆಗೆ, ಹುಬ್ಬಿನ ಮೇಲಕ್ಕೆ ಮಾತ್ರ ಝಿಂಕಿನದ್ದು ಹಚ್ಚುವುದೂ ಒಂದು ಉಪಾಯ.

ಮೂರನೆಯದು ಸಿಲಿಕೋನ್ ಇರುವ, ಮುಖ ಮಿನುಗದಂತೆ ಇಡುವ ಬಗೆ. ಎಣ್ಣೆ ಚರ್ಮಕ್ಕೆ ಚೆನ್ನ. ಆದರೆ ಕೆಳಗೆ ಬೇರೆ ಕ್ರೀಮು ಹಚ್ಚಿದ್ದರೆ ಶಾವಿಗೆ ಹೊಸೆದಂತೆ ಎಳೆ ಎಳೆಯಾಗಿ ಏಳುತ್ತದೆ. ಬರೀ ಮುಖಕ್ಕೆ ಹಚ್ಚಿದರೆ ಆ ತೊಂದರೆ ಇಲ್ಲ. ನಾಲ್ಕನೆಯದು ಸ್ಪ್ರೇ. ಗಾಳಿಯಲ್ಲಿ ಎಷ್ಟು ಹೋಯಿತು, ಚರ್ಮದ ಮೇಲೆ ಎಷ್ಟು ಕೂತಿತು ಗೊತ್ತಾಗುವುದಿಲ್ಲ. ಮುಖಕ್ಕೆ ಹೊಡೆದರೆ ಉಸಿರಿಗೂ ಹೋಗುತ್ತದೆ. ಬೇಡವೇ ಬೇಡ.

ಐದನೆಯದರ ಹತ್ತಿರ ನಾನು ನಿಂತೆ. ಎಸ್‌ಪಿಎಫ್ 50, ನಾಲ್ಕು ಪ್ಲಸ್, ಜೊತೆಗೆ ಚರ್ಮದ ಬಣ್ಣ ಬೆರೆಸಿದ್ದು. ಈ ಬಣ್ಣ ಬರೀ ಅಂದಕ್ಕೆ ಅಲ್ಲ. ಅದರಲ್ಲಿರುವುದು ಐರನ್ ಆಕ್ಸೈಡ್. ನಮ್ಮಂಥ ಕಂದು ಚರ್ಮ ಯುವಿ ಕಿರಣಕ್ಕೆ ಅಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿಗೂ ಕಪ್ಪಾಗುತ್ತದೆ, ಅದರಲ್ಲೂ ನೀಲಿ ಬೆಳಕಿಗೆ. ಬಂಗು ಇದ್ದವರಿಗಂತೂ ಇದು ಜಾಸ್ತಿ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಐರನ್ ಆಕ್ಸೈಡ್ ತಡೆಯುತ್ತದೆ. ಇಷ್ಟು ಮುಖ್ಯವಾದ ವಿಷಯ ನನಗೆ ಎರಡು ವರ್ಷ ತಡವಾಗಿ ಗೊತ್ತಾಯಿತಲ್ಲ ಅಂತ ಈಗಲೂ ಬೇಜಾರಿದೆ. ಬಂಗು ಇರುವ ಯಾರೇ ಕೇಳಿದರೂ ನಾನು ಮೊದಲು ಇದನ್ನೇ ಹೇಳುತ್ತೇನೆ.

ಇದರಲ್ಲೂ ಕೊರತೆ ಇದೆ. ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ಬಣ್ಣಗಳು ಹೆಚ್ಚಾಗಿ ತಿಳಿ ಚರ್ಮಕ್ಕೆ ಮಾಡಿದವು. ನನ್ನ ಬಣ್ಣಕ್ಕೆ ಹತ್ತಿರದ್ದು ಸಿಗಲು ಮೂರು ಅಂಗಡಿ ತಿರುಗಬೇಕಾಯಿತು. ಇಷ್ಟು ಜನ ಕಂದು ಬಣ್ಣದವರೇ ಇರುವ ನಾಡಿನಲ್ಲಿ ಇದು ಸರಿಯಲ್ಲ. ಹೆಲ್ಮೆಟ್ಟಿನ ಪಟ್ಟಿಗೆ, ದುಪಟ್ಟಾಕ್ಕೆ ಬಣ್ಣ ಅಂಟುತ್ತದೆ. ಸೋಪು ಹಾಕಿ ತಿಕ್ಕಿದರೆ ಹೋಗುತ್ತದೆ. ಹೋಗದ ಇನ್ನೊಂದು ಕಲೆ ಇದೆ. ಅವೊಬೆನ್ಝೋನ್ ಅನ್ನುವ, ಯುವಿಎ ತಡೆಯುವ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಬಟ್ಟೆಗೆ ಅಂಟಿ, ಅದನ್ನು ಕಬ್ಬಿಣದಂಶದ ಬೋರ್ ನೀರಲ್ಲಿ ಒಗೆದರೆ ತುಕ್ಕಿನ ಬಣ್ಣ ಬರುತ್ತದೆ. ಬ್ಲೀಚು ಹಾಕಿದರೆ ಇನ್ನೂ ಕೆಡುತ್ತದೆ. ಬಿಳಿ ಹತ್ತಿ ಬಟ್ಟೆಯಾದರೆ ನಿಂಬೆರಸ, ಉಪ್ಪು ಹಚ್ಚಿ ಬಿಟ್ಟು ಒಗೆಯಿರಿ. ನನ್ನ ಎರಡು ಕುಪ್ಪಸ ಹಾಗೆ ಉಳಿದವು.

ಎರಡನೇ ಸಲ ಹಚ್ಚುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಆಫೀಸಿನ ಹೊತ್ತು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30. ಬೆಳಿಗ್ಗೆ ತಂಪಲ್ಲಿ ಹೋಗುತ್ತೇವೆ, ಸೂರ್ಯ ನೆತ್ತಿ ಮೇಲೆ ಇರುವಾಗ ವಾಪಸ್ ಬರುತ್ತೇವೆ. ಬೆಳಿಗ್ಗೆ 7ಕ್ಕೆ ಹಚ್ಚಿದ್ದು ಅಷ್ಟು ಹೊತ್ತಿಗೆ ಬೆವರು, ಧೂಳಿನ ಜೊತೆ ಹೋಗಿರುತ್ತದೆ. ನಾನು ಒಂದು ಗಂಟೆ ದಾಟುತ್ತಲೇ ಮುಖಕ್ಕೆ ಬರೀ ನೀರು ಹಾಕಿ, ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ, ಮತ್ತೆ ಎರಡು ಬೆರಳು ಹಚ್ಚುತ್ತೇನೆ. 15 ನಿಮಿಷ ಕೂರಲು ಬಿಟ್ಟು ಹೊರಡುತ್ತೇನೆ. ಬಯಲಲ್ಲೇ ಕೆಲಸ ಇದ್ದವರು ಎರಡು ಗಂಟೆಗೊಮ್ಮೆ ಹಚ್ಚಬೇಕು. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ. ಆ ಕಾವಿಗೆ ಅದು ಒಡೆದು ನೀರು ಬೇರೆ, ಕ್ರೀಮು ಬೇರೆ ಆಗುತ್ತದೆ. ನನ್ನದೊಂದು ಹಾಗೇ ಹಾಳಾಯಿತು.

2024ರ ಮೇ 7ರಂದು ನಮ್ಮಲ್ಲಿ ಲೋಕಸಭೆ ಚುನಾವಣೆಯ ಮತದಾನ. ನನಗೆ ಬೂತಿನ ಕೆಲಸ ಬಿದ್ದಿತ್ತು. ಹಿಂದಿನ ದಿನ ಪೆಟ್ಟಿಗೆ, ಕಾಗದ ತೆಗೆದುಕೊಂಡು ಬಸ್ಸಿಗೆ ಕಾಯುತ್ತಾ ಬಯಲಲ್ಲಿ ನಿಂತೆವು. ಸನ್‌ಸ್ಕ್ರೀನ್ ಬ್ಯಾಗಿನಲ್ಲೇ ಇತ್ತು. ತೆಗೆಯಲು ಪುರುಸೊತ್ತು ಸಿಗಲಿಲ್ಲ. ಮೇ 10ರ ಆಸುಪಾಸು ಕಲಬುರಗಿಯಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಂಥ ದಿನಗಳವು. ಶಾಮಿಯಾನದ ಕೆಳಗೇ ಇದ್ದೆ ಅಂದುಕೊಂಡಿದ್ದೆ, ಆದರೆ ಬಯಲಿನ ಬೆಳಕು ಎಲ್ಲ ಕಡೆಯಿಂದ ಬಡಿಯುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಒಂದೂವರೆ ವರ್ಷದಲ್ಲಿ ತಿಳಿಯಾಗಿದ್ದ ಬಂಗು ಮತ್ತೆ ಎದ್ದು ಕಂಡಿತು. ಅವತ್ತು ಕನ್ನಡಿ ಮುಂದೆ ನಿಂತು ಅತ್ತೆ. ಅದು ಮತ್ತೆ ಮೊದಲಿನ ಹದಕ್ಕೆ ಬರಲು ಐದು ತಿಂಗಳು ಹಿಡಿಯಿತು.

ತಂಗಿ ಬೆಂಗಳೂರಲ್ಲಿದ್ದಾಳೆ. "ನಮ್ಮಲ್ಲಿ ತಂಪು, ನಮಗೇನು ಬೇಕಾಗಲ್ಲ ಅಲ್ವಾ?" ಅನ್ನುತ್ತಿದ್ದಳು. ಸೆಕೆ ಬೇರೆ, ಯುವಿ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಎತ್ತರ ಹೆಚ್ಚಿದಷ್ಟೂ ಯುವಿ ಹೆಚ್ಚು. ತಂಪುಗಾಳಿ ಇರುವುದರಿಂದ ಬಿಸಿಲು ತಾಗಿದ್ದು ಗೊತ್ತಾಗುವುದಿಲ್ಲ, ಅಷ್ಟೇ. ಅವಳಿಗೆ ನೆರಳಿನ ಲೆಕ್ಕ ಹೇಳಿಕೊಟ್ಟೆ. ನಿನ್ನ ನೆರಳು ನಿನಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಿದೆ ಅಂತ ತಿಳಿ. ಮಂಗಳೂರಿನಲ್ಲಿರುವ ಅತ್ತಿಗೆಯ ಕಥೆ ಬೇರೆ. ನಮ್ಮದು ಒಣ ಗಾಳಿ, ಬೆವರು ಬಂದ ಹಾಗೇ ಆರುತ್ತದೆ. ಅಲ್ಲಿ ಬೆವರು ಆರುವುದೇ ಇಲ್ಲ. ನಾನು ಬಳಸುವುದು ಅವರ ಮುಖದಲ್ಲಿ ಗೆರೆಗೆರೆಯಾಗಿ ಇಳಿಯಿತು. ಕರಾವಳಿಯವರು ನೀರಿಗೆ ತಡೆಯುವುದು ಅಂತ ಬರೆದದ್ದನ್ನೇ ಹುಡುಕಿ, 80 ನಿಮಿಷ ಅಂತ ಇದ್ದರೆ ಒಳ್ಳೆಯದು.

ಖರ್ಚು ಬಚ್ಚಿಡುವುದಿಲ್ಲ. ನನ್ನ ಟ್ಯೂಬಿಗೆ 450 ರೂಪಾಯಿ. ಸರಿಯಾಗಿ ಹಚ್ಚಿದರೆ 25 ದಿನ. ದಿನಕ್ಕೆ 18 ರೂಪಾಯಿ ಬೀಳುತ್ತದೆ. ನಮ್ಮಂಥ ಮನೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಹಾಗಾಗಿ ಕೈಗೆ ಹಚ್ಚುವುದನ್ನು ಬಿಟ್ಟೆ. ತುಂಬುತೋಳಿನ ದಪ್ಪ ಹತ್ತಿ ಅಂಗಿ, ಕೈಗವಸು ಹಾಕಿಕೊಳ್ಳುತ್ತೇನೆ. ಕುತ್ತಿಗೆಗೆ ದುಪಟ್ಟಾ ಸುತ್ತುತ್ತೇನೆ, ನಡೆಯುವಾಗ ಕೊಡೆ. ಹೊಲಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿ, ತಲೆ ತುಂಬ ಸೆರಗು ಹೊದ್ದಿರುತ್ತಾರಲ್ಲ, ಅದು ಒಳ್ಳೆಯ ರಕ್ಷಣೆ. ಬಟ್ಟೆ ಬೆವರಿಗೆ ಕರಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚುವುದೂ ಬೇಕಿಲ್ಲ. ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ಸನ್‌ಸ್ಕ್ರೀನ್.

ಇನ್ನೊಂದನ್ನು ಹೇಳದೆ ಇರಲಾರೆ. ಬಂಗಿಗೆ ಅಂತ ಯಾರೋ ಹೇಳಿದ ಮುಲಾಮು ತಂದು ತಿಂಗಳುಗಟ್ಟಲೆ ಹಚ್ಚಬೇಡಿ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಮೊದಲು ಮುಖ ಬೆಳ್ಳಗಾಗುತ್ತದೆ, ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ, ನಿಲ್ಲಿಸಿದರೆ ಉರಿ. ನಮ್ಮ ಓಣಿಯಲ್ಲೇ ಒಬ್ಬರು ಎರಡು ವರ್ಷ ಆ ಸಂಕಟ ಅನುಭವಿಸಿದರು. ಮುಲಾಮು ಡಾಕ್ಟರ ಚೀಟಿ ಇದ್ದರೆ ಮಾತ್ರ.

ನನ್ನ ಬಂಗು ಪೂರ್ತಿ ಹೋಗಿಲ್ಲ. ಹಣೆಯದ್ದು ಹೋಗಿದೆ. ಕೆನ್ನೆಯದ್ದು ಹತ್ತಿರ ಬಂದು ನೋಡಿದರೆ ಕಾಣುವಷ್ಟು ಉಳಿದಿದೆ. ಪೂರ್ತಿ ಹೋಗುತ್ತದೆ ಅಂತ ಬರೆದ ಯಾವ ಡಬ್ಬಿಯನ್ನೂ ನಾನು ಈಗ ನಂಬುವುದಿಲ್ಲ. ಟ್ಯೂಬು ಒಡೆದ ದಿನವೇ ಅದರ ಬೆನ್ನ ಮೇಲೆ ಸ್ಕೆಚ್ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ಈಗಿನದ್ದರ ಮೇಲೆ 3ನೇ ತಾರೀಖು ಇದೆ. 28ಕ್ಕೆ ಮುಗಿಯಬೇಕು. ಮುಗಿಯದಿದ್ದರೆ ನಾನು ಮತ್ತೆ ಕೈ ಬಿಗಿ ಹಿಡಿದಿದ್ದೇನೆ ಅಂತ ಲೆಕ್ಕ.