18 ತಿಂಗಳು, ಎರಡು ಡಿಸ್ಕು, ಒಂದು ಕೀಂಯ್

ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ನನ್ನ ಗಾಡಿ ಗೇಟಿಗೆ ಬರುವ ಮೊದಲೇ ಎದ್ದು ನಿಲ್ಲುತ್ತಿದ್ದರು. ಗೌರವಕ್ಕಲ್ಲ. ತಿರುವಿನಲ್ಲಿ ನಾನು ಬ್ರೇಕ್ ಮೇಲೆ ಕಾಲಿಟ್ಟ ಕೂಡಲೇ 'ಕೀಂ...ಯ್' ಅಂತ ಸದ್ದು ಬರುತ್ತಿತ್ತು. ಮೂರನೇ ಮಹಡಿಯಲ್ಲಿ ಹೆಂಡತಿ ಅದನ್ನು ಕೇಳಿ ಚಹಾಕ್ಕೆ ನೀರಿಡುತ್ತಿದ್ದಳು. ಹೊಸ ಬ್ರೇಕ್ ಪ್ಯಾಡ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ತುಂಡು) 2,150, ಗಾಲಿಯ ಜೊತೆ ತಿರುಗುವ ಡಿಸ್ಕ್ ಜೋಡಿ 3,900, ಕೂಲಿ 600. ಒಟ್ಟು 6,650 ರೂಪಾಯಿ ಕೊಟ್ಟು ಗಾಡಿಗೆ ಎರಡನೇ ಹಾರ್ನ್ ಹಾಕಿಸಿದ ಹಾಗಾಗಿತ್ತು.

ಈಗ 18 ತಿಂಗಳಾಗಿದೆ. ಸುಮಾರು 23,000 ಕಿ.ಮೀ. ಓಡಿದೆ. ಈ ಪ್ಯಾಡಿನ ವಿಮರ್ಶೆ ಎರಡನೇ ತಿಂಗಳಲ್ಲೇ ಬರೆದಿದ್ದರೆ ಒಂದೇ ಸ್ಟಾರ್ ಕೊಟ್ಟು ನಾಲ್ಕು ಬೈಗುಳ ಸೇರಿಸುತ್ತಿದ್ದೆ. ಬರೆಯದೆ ಇದ್ದದ್ದು ಒಳ್ಳೆಯದಾಯಿತು.

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಮನೆ ಪುಣೆಯ ವಾರ್ಜೆಯಲ್ಲಿ, ಕೆಲಸ ಖೇಡ್ ಶಿವಾಪುರದ ಲೋಹದ ಭಾಗ ಕೊರೆಯುವ ಒಂದು ಮಷಿನ್ ಶಾಪ್‌ನಲ್ಲಿ. ಅಂದರೆ ದಿನಾ ಸಂಜೆ ಕಾತ್ರಜ್‌ನ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್‌ವರೆಗೆ ಇಳಿಯಬೇಕು. ಆ ಇಳಿಜಾರಿನ ಬಗ್ಗೆ ಪುಣೆಯವರಿಗೆ ಹೇಳಬೇಕಾಗಿಲ್ಲ. ಡೀಸೆಲ್ ಉಳಿಸೋಕೆ ನ್ಯೂಟ್ರಲ್‌ನಲ್ಲಿ ಬಿಟ್ಟ ಲಾರಿ, ಕಾದು ಕೈಕೊಟ್ಟ ಬ್ರೇಕು, ಮರುದಿನದ ಪೇಪರಿನಲ್ಲಿ ಅಪಘಾತದ ಸುದ್ದಿ. ನಾನು ಮೂರನೇ ಗೇರ್‌ನಲ್ಲೇ ಇಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಆದರೂ ಕಣ್ಣು ಕನ್ನಡಿಯಲ್ಲೇ ಇರುತ್ತೆ, ಕಾಲು ಬ್ರೇಕಿನ ಹತ್ತಿರವೇ ಇರುತ್ತೆ. ನನ್ನ ತೀರ್ಪೆಲ್ಲ ಈ ಇಳಿಜಾರಿನ ತೀರ್ಪು, ಅದನ್ನು ಮನಸ್ಸಲ್ಲಿಟ್ಟು ಓದಿ.

ಹಳೆಯ ಪ್ಯಾಡ್ 3 ಮಿ.ಮೀ.ಗೆ ಬಂದಿತ್ತು. ಡಿಸ್ಕ್ ಅಳೆಯೋದು ನನ್ನ ಕಸುಬಿನ ಕೆಲಸ. ಸವೆದ ಡಿಸ್ಕಿನ ಅಂಚಿನಲ್ಲಿ ಒಂದು ಏಣು ಎದ್ದಿರುತ್ತೆ, ವರ್ನಿಯರ್ ಅಳತೆಪಟ್ಟಿ ಅದರ ಮೇಲೆ ಕೂತು ಸುಳ್ಳು ಹೇಳುತ್ತೆ. ಹಾಗಾಗಿ ಮೈಕ್ರೋಮೀಟರ್ ಹಾಕಿದೆ: 20.3 ಮಿ.ಮೀ. ಡಿಸ್ಕಿನ ಮೇಲೆ ಕೊರೆದಿದ್ದ ಕನಿಷ್ಠ ದಪ್ಪ 20. ಲೇತ್‌ಗೆ ಹಾಕಿ ಒಂದು ಪದರ ತೆಗೆಸಿದರೆ ಅದು ಮುಗಿಯಿತು. ಆದರೂ 3,900 ಉಳಿಸುವ ಆಸೆ. "ಈ ಸಲ ಬರೀ ಪ್ಯಾಡ್ ಹಾಕಿಸಿದ್ರೆ ಆಗಲ್ವಾ" ಅಂತ ಮನೆಯಲ್ಲಿ ಹೇಳಿ ನೋಡಿದೆ. "ಮಕ್ಕಳನ್ನ ಕೂಡಿಸ್ಕೊಂಡು ಊರಿಗೆ ಹೋಗೂದು ಇದರಾಗ ಅಲ್ಲೇನ್ರಿ?" ಅಂದಳು ಹೆಂಡತಿ. ಚರ್ಚೆ ಅಲ್ಲಿಗೆ ಮುಗಿಯಿತು.

ಸಾಮಾನು ತಂದದ್ದು ಪುಣೆಯ ನಾನಾ ಪೇಠ್‌ನಿಂದ. ನೀವೂ ಹೋಗುವಾಗ ಹಳೆಯ ಪ್ಯಾಡ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಒಂದೇ ಮಾಡೆಲ್‌ಗೂ ವರ್ಷದ ಮೇಲೆ ಎರಡು ಆಕಾರದ ಪ್ಯಾಡ್ ಬರುತ್ತವೆ. ಅಂಗಡಿಯ ವಯಸ್ಸಾದ ಯಜಮಾನರು ಮೂರು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಬೆಲೆ ಹೇಳಲಿಲ್ಲ. ಒಂದು ಪ್ಯಾಡ್ ಎತ್ತಿ, ಕನ್ನಡಕ ಹಣೆಗೇರಿಸಿ, ಅಂಚನ್ನು ಟಾರ್ಚ್ ಬೆಳಕಿಗೆ ಹಿಡಿದರು. ಉದ್ದನೆಯ ನಂಬರಿನ ಕೊನೆಯಲ್ಲಿ ಎರಡು ಅಕ್ಷರ: ಎಫ್‌ಎಫ್. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ ಎಷ್ಟು ಹಿಡಿಯುತ್ತೆ ಅನ್ನೋದು, ಎರಡನೆಯದು ಚೆನ್ನಾಗಿ ಕಾದಾಗ. ಇ ಅಂದರೆ ಘರ್ಷಣೆಯ ಗುಣಾಂಕ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಅಗ್ಗದ ಡಬ್ಬಿಯಲ್ಲಿದ್ದದ್ದು ಎಫ್‌ಇ. ಊರೊಳಗೆ ಸರಿ, ಕಾದ ಮೇಲೆ ಹಿಡಿತ ಒಂದು ಮೆಟ್ಟಿಲು ಇಳಿಯಬಹುದು. ನನ್ನ ಇಳಿಜಾರಿಗೆ ಅದು ಬೇಡ. ಮೂರನೆಯದು ಸೆರಾಮಿಕ್. ವೀಲಿನ ಮೇಲೆ ಕರಿ ಧೂಳು ಕಡಿಮೆ, ದುಡ್ಡು ಸಾವಿರ ಜಾಸ್ತಿ. ಧೂಳು ತೊಳೆಯೋಕೆ ನನಗೆ ಭಾನುವಾರ ಇದೆ. ಎಫ್‌ಎಫ್ ಇದ್ದ ನಡುವಿನದನ್ನು ತಗೊಂಡೆ. ಕಂಪನಿ ಹೆಸರು ಬರೆಯುತ್ತಿಲ್ಲ, ನಿಮ್ಮ ಗಾಡಿಗೆ ಬೇರೆಯದೇ ಬರುತ್ತೆ. ಅಂಚಿನ ಅಕ್ಷರ ನೋಡಿ. ಆ ಅಕ್ಷರ ಸದ್ದಿನ ಬಗ್ಗೆಯಾಗಲಿ ಬಾಳಿಕೆಯ ಬಗ್ಗೆಯಾಗಲಿ ಏನೂ ಹೇಳುವುದಿಲ್ಲ, ಅದೂ ಗೊತ್ತಿರಲಿ.

ಹಾಕಿಸಿದ್ದು ಮನೆ ಹತ್ತಿರದ ಒಂದು ಗ್ಯಾರೇಜಿನಲ್ಲಿ. ನಲವತ್ತು ನಿಮಿಷ. ನಾನು ಹೊರಗೆ ಫೋನ್ ನೋಡುತ್ತಾ ಕೂತಿದ್ದೆ. ಇದೇ ನಾನು ಮಾಡಿದ ಮೊದಲ ತಪ್ಪು. ಮರುದಿನವೇ ಕೀಂಯ್ ಶುರು. ವಾಪಸ್ ಹೋದೆ. "ಸೆಟ್ ಹೋಈಲ್ ಸಾಹೇಬ." ಮುಂದಿನ ವಾರ ಮತ್ತೆ ಹೋದೆ. "ನವೀನ್ ಆಹೇ ನಾ, ಸೆಟ್ ಹೋಈಲ್." ಹೊಸದಲ್ವಾ, ತಾನಾಗಿ ಸೆಟ್ ಆಗುತ್ತೆ ಅಂತ ನಾನೂ ನಂಬಿದೆ.

ಸೆಟ್ ಆಗೋದು ತಾನಾಗಿ ಆಗಲ್ಲ, ಮಾಡಬೇಕು. ಪ್ಯಾಡಿನ ವಸ್ತುವಿನ ತೆಳುವಾದ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಅದಕ್ಕೆ ಬಿಸಿ ಬೇಕು, ಆದರೆ ಒಂದೇ ಜಾಗಕ್ಕಲ್ಲ. ಊರೊಳಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದರೆ ಅದು ಕೂರೋದು ಅಲ್ಲೊಂದು ಇಲ್ಲೊಂದು ಚೂರು. ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು ನಮ್ಮ ಕಾರ್ಖಾನೆಯ ಹಿಂದಿನ ನೇರ ರಸ್ತೆಗೆ ಹೋದೆ. ಅರವತ್ತಕ್ಕೆ ಏರಿಸೋದು, ಹದಿನೈದರ ತನಕ ಗಟ್ಟಿಯಾಗಿ ಒತ್ತೋದು, ನಿಲ್ಲಿಸದೆ ಬಿಡೋದು. ಅರ್ಧ ನಿಮಿಷ ಸುಮ್ನೆ ಓಡಿಸಿ ಮತ್ತೆ ಅರವತ್ತು. ಹೀಗೆ ಹತ್ತು ಸಲ. ಪೂರ್ತಿ ನಿಲ್ಲಿಸಿ ಕಾಲು ಒತ್ತಿಕೊಂಡೇ ಇದ್ದರೆ ಕಾದ ಪ್ಯಾಡಿನ ಅಚ್ಚು ಡಿಸ್ಕಿನ ಮೇಲೆ ಬೀಳುತ್ತೆ.

ಮೊದಲ ಮೂರು ಸಲ ಒಂದು ಬೀದಿನಾಯಿ ಅಟ್ಟಿಸಿಕೊಂಡು ಬಂತು. ಆರನೇ ಸಲಕ್ಕೆ ಅದಕ್ಕೇ ಬೇಜಾರಾಗಿ ಮಲಗಿತು. ಏಳನೇ ಸಲಕ್ಕೆ ಕುಕ್ಕರ್ ರಬ್ಬರ್ ಸುಟ್ಟ ಹಾಗೆ ವಾಸನೆ. ಹೆದರಬೇಡಿ, ಅದು ಸಹಜ. ಅಲ್ಲಿಂದ ಮುಂದೆ ಪೆಡಲ್ ಬದಲಾಯಿತು. ಅಲ್ಲಿಯವರೆಗೆ ಮರದ ತುಂಡು ಒತ್ತಿದಂತಿತ್ತು, ಆಮೇಲೆ ಯಾರೋ ಕೈ ಹಿಡಿದಂತೆ. ಆಗಲೇ ಬಾಗಿಲು ತೆಗೆದ ಟಪರಿ ಅಂಗಡಿಯವನು ಕೂಗಿ ಕೇಳಿದ, "ಕಾಯ್ ಸಾಹೇಬ, ರಸ್ತಾ ವಿಸರಲಾತ್ ಕಾ?" ದಾರಿ ಮರೆತಿಲ್ಲಪ್ಪ ಅಂತ ಕೈ ಆಡಿಸಿ ಇನ್ನೂ ಮೂರು ಸುತ್ತು ಹೊಡೆದೆ. ಆಮೇಲೆ ಹತ್ತು ಕಿ.ಮೀ. ಬ್ರೇಕ್ ಮುಟ್ಟದ ಹಾಗೆ ನಿಧಾನ ಓಡಿಸಿ ಆರಿಸಿದೆ.

ಹಿಡಿತ ಬಂತು. ಕೀಂಯ್ ಹೋಗಲಿಲ್ಲ. ಅಷ್ಟೇ ಅಲ್ಲ, 3,000 ಕಿ.ಮೀ. ದಾಟಿದ ಮೇಲೆ ಎಂಬತ್ತರಲ್ಲಿ ಬ್ರೇಕ್ ಒತ್ತಿದರೆ ಸ್ಟಿಯರಿಂಗ್ ನಡುಗೋಕೆ ಶುರುವಾಯಿತು. ಗ್ಯಾರೇಜಿನವರು "ಡಿಸ್ಕ್ ಬೆಂಡ್, ಮಾಲೇ ಖರಾಬ್" ಅಂದರು. ಆಗ ಧಾರವಾಡದಿಂದ ಮಾವನವರು ಬಂದಿದ್ದರು. ಗೇಟಿನ ಹತ್ತಿರ ಸದ್ದು ಕೇಳಿ ಒಂದು ಕ್ಷಣ ಸುಮ್ಮನಿದ್ದು, "ಏನ್ರಿ ಅಳಿಯಂದ್ರ, ಹೊಸಾ ಬ್ರೇಕ್ ಹಾಕ್ಸೀನಿ ಅಂದಿದ್ರಿ, ಇದು ಯಾವಾಗ ಹಾಕ್ಸೂದು?" ಅಂದರು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಪುಣೆಯ ಧಾಯರಿಯಲ್ಲಿ ಇಂಡಿ ತಾಲ್ಲೂಕಿನ ಒಬ್ಬ ಹುಡುಗ ತಗಡಿನ ಶೆಡ್ ಹಾಕಿಕೊಂಡಿದ್ದಾನೆ ಅಂತ ಆಫೀಸಿನಲ್ಲಿ ಹೇಳಿದರು. ಗಾಲಿ ಬಿಚ್ಚಿ ಪ್ಯಾಡ್ ಹೊರಗೆ ತೆಗೆದು ಅವನು ಕೇಳಿದ ಮೊದಲ ಮಾತು, "ಅಣ್ಣಾರ, ಇದರ ಶಿಮ್ ಎಲ್ಲಿ?" ಯಾವ ಶಿಮ್? ಪ್ಯಾಡಿನ ಬೆನ್ನಿಗೆ ಬರುವ ತೆಳು ತಗಡು. ಅದಿಲ್ಲದಿದ್ದರೆ ಪ್ಯಾಡ್ ಸಣ್ಣಗೆ ಅದುರಿ ಹಾಡುತ್ತೆ. "ಡಬ್ಬಿಯೊಳಗ ಇರ್ತಾವ ನೋಡ್ರಿ." ಡಬ್ಬಿ ಮನೆಯಲ್ಲೇ ಇತ್ತು. ವಾರಂಟಿಗೆ ಬೇಕಾಗುತ್ತೆ ಅಂತ ನಾನೇ ಚಪ್ಪಲಿ ಸ್ಟ್ಯಾಂಡಿನ ಮೇಲೆ ಜೋಪಾನವಾಗಿಟ್ಟಿದ್ದೆ. ಹೆಂಡತಿಗೆ ಫೋನ್ ಮಾಡಿ ತೆಗೆದು ನೋಡು ಅಂದೆ. ನಾಲ್ಕು ಶಿಮ್, ನಾಲ್ಕು ಕ್ಲಿಪ್, ಒಂದು ಪುಟ್ಟ ಗ್ರೀಸ್ ಪೊಟ್ಟಣ. ಪ್ಲಾಸ್ಟಿಕ್ ಚೀಲ ಒಡೆದೂ ಇರಲಿಲ್ಲ. ಎರಡು ತಿಂಗಳು ಪ್ಯಾಡಿಗೆ ಬೈದಿದ್ದೆನಲ್ಲ, ಅದರ ಅರ್ಧ ನನಗೆ ಸೇರಬೇಕು.

ನಡುಕದ ಕಥೆ ಬೇರೆ. ಡಿಸ್ಕ್ ಬಿಚ್ಚಿದರೆ ಅದು ಕೂರುವ ಹಬ್ಬಿನ (ಗಾಲಿಯ ನಡುವಿನ ಗುಂಬ) ಮುಖದ ಮೇಲೆ ಹತ್ತು ಮಳೆಗಾಲದ ತುಕ್ಕು ಹಕ್ಕಳೆಗಟ್ಟಿತ್ತು. ಹೊಸ ಡಿಸ್ಕನ್ನು ಅದರ ಮೇಲೆಯೇ ಕೂರಿಸಿದ್ದರು. ದಿನವಿಡೀ ಮೈಕ್ರಾನ್ ಲೆಕ್ಕದಲ್ಲಿ ಬದುಕುವ ನಾನು ಡಿಸ್ಕಿನ ದಪ್ಪ ಅಳೆದಿದ್ದೆ, ರನ್‌ಔಟ್ (ತಿರುಗುವಾಗ ಡಿಸ್ಕು ಎಷ್ಟು ಓಲಾಡುತ್ತೆ ಅನ್ನೋದು) ಅಳೆದಿರಲಿಲ್ಲ. ಮರುದಿನ ನನ್ನದೇ ಡಯಲ್ ಗೇಜ್ ತಂದು ಡಿಸ್ಕನ್ನು ವಾಪಸ್ ಬಿಗಿಸಿ ಮುಳ್ಳು ತಾಗಿಸಿದೆ. ಒಂದು ಸುತ್ತಿಗೆ 0.14 ಮಿ.ಮೀ. ಓಲಾಡಿತು. ಬಿಸಿಗೆ ಡಿಸ್ಕ್ ಬಾಗಿದ್ದಲ್ಲ. ಓರೆಯಾಗಿ ಕೂತ ಡಿಸ್ಕು ಪ್ರತಿ ಸುತ್ತಿಗೂ ಪ್ಯಾಡನ್ನು ಒಂದೇ ಜಾಗದಲ್ಲಿ ಸವರುತ್ತೆ. ಸಾವಿರಾರು ಕಿ.ಮೀ. ಆದ ಮೇಲೆ ಅಲ್ಲಿ ದಪ್ಪ ವ್ಯತ್ಯಾಸವಾಗಿ ಕಾಲಿಗೂ ಕೈಗೂ ನಡುಕ ಬರುತ್ತೆ. ತಂತಿ ಬ್ರಷ್ಷಿನಿಂದ ಹಬ್ ಉಜ್ಜಿ ಬೆಳ್ಳಗಾದ ಮೇಲೆ ಮತ್ತೆ ಮುಳ್ಳಿಟ್ಟೆವು: 0.04. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಅವನು ಡಿಸ್ಕಿನ ಮೇಲಿನ ಕಲೆಯನ್ನು ಎಮರಿ ಹಾಳೆಯಿಂದ ಉಜ್ಜಿದ. ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿದ. ಮಾಮೂಲಿ ಗ್ರೀಸಿಗೆ ಅಲ್ಲಿನ ರಬ್ಬರ್ ಊದಿಕೊಳ್ಳುತ್ತೆ. ಗಾಲಿಯ ನಟ್ಟನ್ನು ಗನ್ ಹಿಡಿದು 'ಟ್ರ್ರ್' ಅನ್ನಿಸಲಿಲ್ಲ, ಎದುರುಬದಿರು ಲೆಕ್ಕದಲ್ಲಿ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿದ. ಗಾಡಿ ಕೊಡುವ ಮುನ್ನ ಪೆಡಲ್ ನಾಲ್ಕೈದು ಸಲ ಒತ್ತಿದ. ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿದ ಮೇಲೆ ಮೊದಲ ಒತ್ತು ತಳಕ್ಕೇ ಹೋಗುತ್ತೆ. ಇದನ್ನು ಮರೆತು ಗಾಡಿ ಹೊರಗೆ ತೆಗೆದರೆ ಎದುರಿನ ಗೋಡೆಯೇ ಬ್ರೇಕು. ಕೂಲಿ 800 ತಗೊಂಡ. ಮುಂದಿನ ಭಾನುವಾರ ಮತ್ತೆ ಅದೇ ರಸ್ತೆ, ಅದೇ ಹತ್ತು ಸಲ. ನಾಯಿ ತಲೆ ಎತ್ತಿಯೂ ನೋಡಲಿಲ್ಲ. ಆರಿದ ಮೇಲೆ ಡಿಸ್ಕಿನ ಮೇಲೆ ನೀಲಿ ಬೂದು ಬಣ್ಣದ ಪದರ, ಸ್ಟೀಲ್ ತಟ್ಟೆಯ ಮೇಲೆ ಉಸಿರು ಬಿಟ್ಟಷ್ಟು ತೆಳು, ಎಲ್ಲ ಕಡೆ ಒಂದೇ ಸಮ.

ಅವತ್ತಿನಿಂದ ಈ ಪ್ಯಾಡು ಬಾಯಿ ಬಿಟ್ಟಿಲ್ಲ. ಮಳೆಗಾಲದಲ್ಲಿ ಮಾತ್ರ ರಾತ್ರಿ ಕಳೆಯುವಷ್ಟರಲ್ಲಿ ಡಿಸ್ಕಿಗೆ ಕೇಸರಿ ಬಣ್ಣ ಬಂದಿರುತ್ತೆ. ಬೆಳಿಗ್ಗೆ ಮೊದಲ ಎರಡು ಒತ್ತಿಗೆ 'ಖರ್ರ್' ಅಂದು ಹೋಗುತ್ತೆ. ಎರಕದ ಕಬ್ಬಿಣ, ಬೇಗ ತುಕ್ಕು ಹಿಡಿಯುತ್ತೆ, ಅಷ್ಟೇ. ನೀರು ನಿಂತ ರಸ್ತೆ ದಾಟಿದ ಮೇಲೆ ಒಂದು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳುವುದು ಈಗ ಅಭ್ಯಾಸ.

ದೀಪಾವಳಿಗೆ ಧಾರವಾಡಕ್ಕೆ ಹೋದಾಗ ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಇಳಿಯುವಾಗ ಸ್ಟಿಯರಿಂಗ್ ಎರಡು ಬೆರಳಿನಲ್ಲಿ ನಿಂತಿತ್ತು. ಕೊಲ್ಹಾಪುರದಲ್ಲಿ ಚಪ್ಪಲಿ ಅಂಗಡಿಯ ಬೋರ್ಡು ನೋಡಿ ಮಗಳಿಗೆ ಒಂದು ಕಥೆ ಹೇಳಿದೆ. 1888ರಲ್ಲಿ ಬೆರ್ಥಾ ಬೆಂಜ್ ಅನ್ನುವ ಹೆಂಗಸು ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯಲ್ಲಿ ಗಂಡನ ಕಾರು ಓಡಿಸಿಕೊಂಡು ಹೋದರು. ದಾರಿಯಲ್ಲಿ ಮರದ ಬ್ರೇಕು ಸವೆದಾಗ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ತೊಗಲು ಹೊಡೆಸಿಕೊಂಡರಂತೆ. "ಅದು ಕೀಂಯ್ ಅಂತಿತ್ತಾ?" ಅಂತ ಮಗಳು ಕೇಳಿದಳು. ನಮ್ಮ ಮನೆಯಲ್ಲಿ ಆ ಎರಡು ತಿಂಗಳನ್ನು ಯಾರೂ ಮರೆತಿಲ್ಲ.

ಮೊನ್ನೆ ಗಾಲಿ ಬಿಚ್ಚಿ ಅವಳ ಕಂಪಾಸ್ ಬಾಕ್ಸಿನ ಸ್ಕೇಲ್ ಹಿಡಿದೆ. ಹೊಸದರಲ್ಲಿ 10 ಮಿ.ಮೀ. ಇದ್ದದ್ದು ಹೊರಗಿನ ಪ್ಯಾಡ್ ಆರೂವರೆ, ಒಳಗಿನದು ಆರು. ಒಳಗಿನದು ಜಾಸ್ತಿ ಸವೆಯೋದು ಮಾಮೂಲು. ಗಾಲಿಯ ಸಂದಿಯಿಂದ ಹೊರಗಿನದನ್ನಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಧೂಳು ಇದೆ, ಭಾನುವಾರ ತೊಳೆಯುತ್ತೇನೆ. ಇದೇ ಪ್ಯಾಡ್ ಮತ್ತೆ ತಗೊಳ್ತೇನೆ. ಅದೇ ಅಂಗಡಿ, ಅದೇ ಶೆಡ್. ಡಬ್ಬಿಯನ್ನು ಮಾತ್ರ ಕೌಂಟರಿನ ಮೇಲೆಯೇ ಅಲ್ಲಾಡಿಸಿ ನೋಡುತ್ತೇನೆ.

ಹೋದ ವಾರ ಮಾವನವರು ಮತ್ತೆ ಬಂದಿದ್ದರು. ಈ ಸಲ ಹಿಂದಿನ ಸೀಟಿನಲ್ಲಿ ಕೂತಿದ್ದರು. ಗೇಟಿನ ತಿರುವಿನಲ್ಲಿ ಬ್ರೇಕ್ ಒತ್ತಿ ಕನ್ನಡಿಯಲ್ಲಿ ಅವರ ಮುಖ ನೋಡಿದೆ. ತಲೆ ಒಂದು ಕಡೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದರು. "ಮುಂದಿಂದು ಛಲೋ ಆಗೇತ್ರಿ. ಹಿಂದ ಏನೋ ಟಕ್ ಅಂತೈತಲ್ಲ?" ಹಿಂದೆ ಡ್ರಮ್. ಶನಿವಾರ ಧಾಯರಿಗೆ ಹೋಗಬೇಕು.