ವ್ಯಾಲ್ಯುವೇಶನಿಗೆ (ಆಸ್ತಿಗೆ ಬೆಲೆ ಕಟ್ಟಲಿಕ್ಕೆ) ಅಂತ ಬಂದವನಿಗೆ ಗೇಟ್ ತೆಗೆಯುವ ಮೊದಲು ಬ್ಯಾಂಕಿಗೊಂದು ಫೋನ್ ಮಾಡಿ

ಮನೆ ಅಡವಿಟ್ಟು ಲೋನ್ ಮಾಡುವವರು, ಮಕ್ಕಳನ್ನು ಹೊರದೇಶಕ್ಕೆ ಓದ್ಲಿಕ್ಕೆ ಕಳಿಸುವವರು, ಅದರಲ್ಲೂ ಗಲ್ಫಲ್ಲಿ ಕೂತು ಊರಿನ ಜಾಗದ ಕೆಲಸ ಫೋನಲ್ಲೇ ಮಾಡಿಸುವವರು ಇದನ್ನು ಸ್ವಲ್ಪ ಪುರ್ಸೊತ್ತು ಮಾಡ್ಕೊಂಡು ಓದಿ. ನಮ್ಮ ಬಾವನಿಗೆ ಆದದ್ದು ಇನ್ನೊಬ್ಬರಿಗೆ ಆಗುವುದು ಬೇಡ.

ಅಕ್ಕ ಬಾವ ಮಸ್ಕತ್‌ನಲ್ಲಿರೋದು. ಮನೆ ಇಲ್ಲಿ ಮಂಗಳೂರು ಹತ್ರ ಗುರುಪುರ ಕೈಕಂಬದಿಂದ ಒಳಗೆ, 18 ಸೆಂಟ್ಸ್ ಜಾಗ, ಹಿಂದೆ ಸ್ವಲ್ಪ ಕುಮ್ಕಿ, ಅಂದ್ರೆ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವ ಸರ್ಕಾರಿ ಜಾಗ. ಅಮ್ಮ ಅಲ್ಲೇ ಇರೋದು. ಮಗಳಿಗೆ ಜರ್ಮನಿಯಲ್ಲಿ ಮಾಸ್ಟರ್ಸ್ ಸೀಟ್ ಆಯ್ತು, ಎಜುಕೇಶನ್ ಲೋನ್ ಏಳೂವರೆ ಲಕ್ಷ ದಾಟಿದ್ರೆ ಸಾಮಾನ್ಯವಾಗಿ ಬ್ಯಾಂಕಿನವರು ಆಸ್ತಿ ಸೆಕ್ಯೂರಿಟಿ ಕೇಳ್ತಾರೆ, ಹಾಗೆ ಮನೆ ಇಡುವ ಅಂತ ಆಯ್ತು. ಒಬ್ಬ ಲೋನ್ ಕನ್ಸಲ್ಟೆಂಟ್ ಸಿಕ್ಕಿದ, "ಸರ್ ನೀವು ಬರುವುದೇ ಬೇಡ, ಲೀಗಲ್ ವ್ಯಾಲ್ಯುವೇಶನ್ ಎಲ್ಲ ನಾನೇ ಮಾಡಿಸ್ತೇನೆ, ಅರ್ಜಿಗೆ ಸಹಿ ಮಾಡಿ ಕೊರಿಯರ್ ಮಾಡಿ" ಅಂದ.

ಒಂದು ದಿನ ಮಧ್ಯಾಹ್ನ ಒಬ್ಬ ಬೈಕಲ್ಲಿ ಬಂದ. ಕುತ್ತಿಗೆಗೆ ಟ್ಯಾಗ್, ಅದರಲ್ಲಿ ಫೋಟೋ, ಕೆಳಗೆ ಪ್ಯಾನಲ್ ವ್ಯಾಲ್ಯುವರ್ (ಬ್ಯಾಂಕಿನ ಲಿಸ್ಟಲ್ಲಿರುವ ಬೆಲೆ ಕಟ್ಟುವವ) ಅಂತ ಬರೆದದ್ದು, ಬ್ಯಾಂಕಿನ ಹೆಸರೇ ಇಲ್ಲ. "ಅಮ್ಮಾ, ಬ್ಯಾಂಕಿಂದ ಬಂದದ್ದು, ಇಂಜಿನಿಯರ್" ಅಂದ. ಅಮ್ಮ ಪಾಪ ಬೊಂಡ (ಎಳನೀರು) ಕೊಟ್ಟು ಕೂರಿಸಿದ್ರು. ಗೇಟಿನ ಹತ್ರ ನಿಂತು ನಾಲ್ಕು ಫೋಟೋ, ಜಗಲಿಗೆ ಒಮ್ಮೆ ಟೇಪ್ ಹಿಡಿದದ್ದು, ಮುಗೀತು, ಹಿಂದಿನ ಗಡಿಕಲ್ಲಿನ ಹತ್ರ ಹೋಗ್ಲೇ ಇಲ್ಲ. ಕ್ರಯಪತ್ರ, ಆರ್‌ಟಿಸಿ (ಪಹಣಿ), ಪಂಚಾಯ್ತಿಯ ನೈನ್ ಇಲೆವೆನ್ (ಫಾರಂ 9, 11 ಆಸ್ತಿ ದಾಖಲೆ), ತೆರಿಗೆ ರಶೀದಿ, ಬಾವನ ಆಧಾರ್, ಎಲ್ಲದರ ಝೆರಾಕ್ಸ್ ಒಂದು ಸೆಟ್ ತಗೊಂಡು ಹೋದ. ಫೀಸು ಬಾವ ಯುಪಿಐಯಲ್ಲಿ ಹಾಕಿದ್ದು, ಅದೂ ಯಾರದ್ದೋ ಪರ್ಸನಲ್ ಖಾತೆಗೆ, ಫರ್ಮ್ ಹೆಸರಿಲ್ಲ, ಬಿಲ್ ಇಲ್ಲ.

ರಿಪೋರ್ಟ್ ಪಿಡಿಎಫ್ ಆಗಿ ಸೀದಾ ಕನ್ಸಲ್ಟೆಂಟ್ ಕೈಗೆ ಹೋಗಿ ಅಲ್ಲಿಂದ ಬ್ಯಾಂಕಿನ ಫೈಲಿಗೆ ಸೇರಿತು, ನಮಗೆ ಕಾಪಿ ಸಿಕ್ಕಿದ್ದು ಗಲಾಟೆ ಆದ ಮೇಲೆ. ಬ್ರಾಂಚ್ ಮ್ಯಾನೇಜರ್ ಒಳ್ಳೆ ಜನ, ಅವರಿಗೆ ಡೌಟ್ ಬಂದು ರಿಪೋರ್ಟಲ್ಲಿ ಹೆಸರಿದ್ದ ವ್ಯಾಲ್ಯುವರ್‌ಗೆ ತಮ್ಮ ಲಿಸ್ಟಲ್ಲಿದ್ದ ನಂಬರಲ್ಲೇ ಫೋನ್ ಮಾಡಿದ್ರೆ ಅವರು "ನಾನು ಆ ಕಡೆಗೆ ಬರ್ಲೇ ಇಲ್ಲ ಮಾರಾಯ್ರೆ" ಅಂದ್ರಂತೆ. ಹೆಸರು ಅವರದ್ದೇ, ರಿಜಿಸ್ಟ್ರೇಶನ್ ನಂಬರೂ ಅವರದ್ದೇ, ಲೆಟರ್‌ಹೆಡ್ಡಿನ ಮೊಬೈಲ್ ನಂಬರ್ ಮಾತ್ರ ಬೇರೆ.

ಆಮೇಲೆ ನಾನು ಆ ಪಿಡಿಎಫ್ ದೊಡ್ಡದು ಮಾಡಿ ನೋಡಿದೆ. ನೀಲಿ ಸೀಲಿನ ಉಂಗುರ ಒಂದು ಕಡೆ ಕತ್ತರಿಸಿದ ಹಾಗೆ, ಯಾಕಂದ್ರೆ ಸಹಿಯನ್ನು ಬೇರೆ ಎಲ್ಲಿಂದಲೋ ಕಟ್ ಮಾಡಿ ಬಿಳಿ ಚೌಕದ ಸಮೇತ ಮೇಲೆ ಅಂಟಿಸಿದ್ದು. ಅದಕ್ಕಿಂತ ಕೆಟ್ಟದ್ದು ರಿಪೋರ್ಟಿನ ಹಿಂದೆ ಸೇರಿಸಿಟ್ಟ ಆರ್‌ಟಿಸಿ. ವಿಸ್ತೀರ್ಣದ ಕಾಲಮಲ್ಲಿ 18 ಇದ್ದದ್ದು 31 ಆಗಿದೆ, ಆ ಎರಡು ಅಂಕೆ ಪಕ್ಕದ ಅಕ್ಷರಗಳಿಗಿಂತ ಸ್ವಲ್ಪ ದಪ್ಪ. ಹಿಂದಿನ ಕುಮ್ಕಿಯನ್ನೂ ಸೇರಿಸಿ ನಮ್ಮದೇ ಅಂತ ಮಾಡಿಟ್ಟಿದ್ದಾನೆ. ನಮ್ಮ ಕಡೆಯವರಿಗೆ ಗೊತ್ತೇ ಉಂಟು, ಕುಮ್ಕಿ ಅಂದ್ರೆ ಸರ್ಕಾರದ ಜಾಗ, ವರ್ಗದವರಿಗೆ (ಪಕ್ಕದ ಪಟ್ಟಾ ಜಾಗದವರಿಗೆ) ಸೊಪ್ಪು ಸೌದೆಯ ಹಕ್ಕು ಮಾತ್ರ, ಅದನ್ನು ಮಾರ್ಲಿಕ್ಕೂ ಇಲ್ಲ, ಅಡವಿಡ್ಲಿಕ್ಕೂ ಇಲ್ಲ. ಯಾಕೆ ಹೀಗೆ ಮಾಡಿದ ಅಂದ್ರೆ ವ್ಯಾಲ್ಯೂ ಏರಿದ್ರೆ ಲೋನ್ ಏರ್ತದೆ, ಲೋನ್ ಏರಿದ್ರೆ ಕಮಿಷನ್ ಏರ್ತದೆ, ನನಗೆ ಕಾಣುವುದು ಇಷ್ಟೇ.

ಕನ್ಸಲ್ಟೆಂಟನ್ನು ಕೇಳಿದ್ರೆ "ಅವ ಫ್ರೀಲಾನ್ಸ್ ಸರ್, ನನಗೂ ಅವನಿಗೂ ಸಂಬಂಧ ಇಲ್ಲ" ಅಂತೆ. ಫೋರ್ಜರಿ ಮಾಡಿದ್ದು ಯಾರೋ, ಅರ್ಜಿಯಲ್ಲಿ ಸಹಿ ಬಾವನದ್ದು! ನಕಲಿ ಆರ್‌ಟಿಸಿ ಕೊಟ್ಟದ್ದು ಯಾಕೆ ಅಂತ ಬಾವನೇ ಬ್ಯಾಂಕಿಗೆ ವಿವರಣೆ ಬರೆದು ಕೊಡಬೇಕಾಯ್ತು, ಅರ್ಜಿ ಆ ಬ್ರಾಂಚಲ್ಲಿ ರಿಜೆಕ್ಟ್ ಆಯ್ತು, ಹುಡುಗಿ ಒಂದು ಸೆಮಿಸ್ಟರ್ ತಡ ಮಾಡಿ ಹೋಗಬೇಕಾಯ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಹೇಳಿದ್ದೇವೆ, ಸ್ಟೇಷನಲ್ಲಿ ಕಂಪ್ಲೇಂಟೂ ಕೊಟ್ಟಿದ್ದೇವೆ, ಫೀಸಿನ ದುಡ್ಡು ಬರ್ಲಿಲ್ಲ, ಅದು ಹೋಗ್ಲಿ ಬಿಡಿ.

ಈಗ ಜಾಗ್ರತೆ ವಿಷಯ. ಲ್ಯಾಂಡ್ ಅಂಡ್ ಬಿಲ್ಡಿಂಗ್ ವ್ಯಾಲ್ಯುವರ್ ಅಂದ್ರೆ ಐಬಿಬಿಐ (ದಿವಾಳಿತನ ಮಂಡಳಿ, ವ್ಯಾಲ್ಯುವರ್‌ಗಳನ್ನು ನೋಂದಾಯಿಸುವುದೂ ಇದೇ) ರಿಜಿಸ್ಟ್ರೇಶನ್ ಇರ್ತದೆ, ಇಲ್ಲಾಂದ್ರೆ ವೆಲ್ತ್ ಟ್ಯಾಕ್ಸ್ ಆಕ್ಟಿನ 34ಎಬಿ ರಿಜಿಸ್ಟ್ರೇಶನ್. ಐಬಿಬಿಐ ವೆಬ್‌ಸೈಟಲ್ಲಿ ಲಿಸ್ಟ್ ಉಂಟು, ಹೆಸರು ಹುಡುಕುವಾಗ ಯಾವ ಕ್ಲಾಸ್ ಅಂತಲೂ ನೋಡಿ, ಪ್ಲಾಂಟ್ ಅಂಡ್ ಮೆಷಿನರಿಯವರು ನಿಮ್ಮ ಮನೆಗೆ ರೇಟ್ ಕಟ್ಟುವ ಹಾಗಿಲ್ಲ. ಆದ್ರೆ ನಮ್ಮ ಕೇಸಲ್ಲಿ ನಂಬರ್ ಅಸಲಿಯೇ ಇತ್ತು ಮಾರಾಯ್ರೆ, ಲಿಸ್ಟಲ್ಲಿ ಹುಡುಕಿದ್ರೆ ಸಿಕ್ಕೇ ಸಿಗ್ತಿತ್ತು. ಹಾಗಾಗಿ ಬಂದವನು ಅದೇ ಜನವಾ ಅಂತ ತಿಳಿಯುವುದು ಬೇರೆಯೇ ಕೆಲಸ. ಬ್ರಾಂಚಿಗೆ ನೀವೇ ಫೋನ್ ಮಾಡಿ, ಅವನು ಕೊಟ್ಟ ನಂಬರಿಗಲ್ಲ, ಪಾಸ್‌ಬುಕ್ಕಲ್ಲಿರುವ ನಂಬರಿಗೆ, ಇವತ್ತು ಯಾರನ್ನು ಕಳಿಸಿದ್ದೀರಿ ಅಂತ ಹೆಸರು ಕೇಳಿ. ಬಂದವನ ಆಧಾರ್ ಕೇಳಿದ್ರೆ ತಪ್ಪೇನಿಲ್ಲ, ಅದರ ಕ್ಯೂಆರ್ ಕೋಡನ್ನು ಆಧಾರ್ ಆ್ಯಪಲ್ಲೇ ಸ್ಕ್ಯಾನ್ ಮಾಡಿದ್ರೆ ಒಳಗಿನ ಹೆಸರು ಫೋಟೋ ಬರ್ತದೆ, ಕಾರ್ಡಿನ ಮೇಲೆ ಪ್ರಿಂಟ್ ಆದದ್ದನ್ನು ಯಾರು ಬೇಕಾದ್ರೂ ಬದಲಾಯಿಸಬಹುದು. ಅಸಲಿ ಜನ ಆದ್ರೆ ಬೇಜಾರು ಮಾಡ್ಕೊಳ್ಳುವುದಿಲ್ಲ.

ರಿಪೋರ್ಟ್ ನಿಮಗೂ ಒಂದು ಕಾಪಿ ಬೇಕು ಅಂತ ಮೊದಲೇ ಹೇಳಿ. ಡಿಜಿಟಲ್ ಸಹಿ ಅಂತ ಹೇಳಿದ್ರೆ ಪಿಡಿಎಫ್ ಕಂಪ್ಯೂಟರಲ್ಲಿ ಅಡೋಬ್ ರೀಡರಲ್ಲೇ ತೆಗೆದು ಆ ಸಹಿ ಮೇಲೆ ಕ್ಲಿಕ್ ಮಾಡಿ, ಯಾರ ಹೆಸರಲ್ಲಿ ಉಂಟು, ಆಮೇಲೆ ಫೈಲ್ ತಿದ್ದಿದ್ದಾರಾ ಅಂತ ಅದೇ ತೋರಿಸ್ತದೆ, ಕ್ಲಿಕ್ ಮಾಡಿದ್ರೂ ಏನೂ ಬರದಿದ್ರೆ ಅದು ಬರೀ ಚಿತ್ರ. ಸಿಎ ಕೊಡುವ ನೆಟ್‌ವರ್ತ್ ಸರ್ಟಿಫಿಕೇಟಾದ್ರೆ ಅಕ್ಷರ ಅಂಕೆ ಸೇರಿ 18 ಇರುವ ಯುಡಿನ್ ಅನ್ನುವ ಗುರುತಿನ ನಂಬರ್ ಇರ್ತದೆ, ಸಿಎಗಳ ಸಂಸ್ಥೆ ಐಸಿಎಐಯ ವೆಬ್‌ಸೈಟಲ್ಲಿ ಹಾಕಿ ನೋಡಬಹುದು. ಆರ್‌ಟಿಸಿ ಸರ್ಕಾರದ ಭೂಮಿ ವೆಬ್‌ಸೈಟಲ್ಲಿ ಸರ್ವೆ ನಂಬರ್ ಹಾಕಿದ್ರೆ ಕಾಣ್ತದೆ, ಇಸಿ (ಆಸ್ತಿ ಮೇಲಿನ ಋಣಭಾರ ಪತ್ರ) ರಿಜಿಸ್ಟ್ರೇಶನ್ ಇಲಾಖೆಯ ಕಾವೇರಿ ವೆಬ್‌ಸೈಟಲ್ಲಿ ನೀವೇ ತೆಗೀರಿ, ಇನ್ನೊಬ್ಬರು ತಂದುಕೊಟ್ಟ ಪ್ರಿಂಟನ್ನು ಅದರ ಜೊತೆ ಇಟ್ಟು ನೋಡಿ. ಜಾಗ ಖರೀದಿ ಮಾಡುವವರು ಇಸಿ ಕ್ಲಿಯರ್ ಅಂತ ಅಲ್ಲಿಗೇ ನಿಲ್ಲಿಸಬೇಡಿ, ಪತ್ರ ಬ್ಯಾಂಕಲ್ಲಿಟ್ಟು ಮಾಡಿದ ಸಾಲ ಕೆಲವು ಸಲ ಅದರಲ್ಲಿ ಬರುವುದಿಲ್ಲ, ಬ್ಯಾಂಕಿಗೆ ಅಡವಿಟ್ಟ ಆಸ್ತಿಗಳ ದಾಖಲೆ ಇರುವ ಸೆರ್ಸಾಯಿಯಲ್ಲೂ (CERSAI) ಹುಡುಕಿ.

ನನಗೆ ಈಗಲೂ ನಿದ್ದೆ ಕೆಡಿಸುವುದು ಆ ಝೆರಾಕ್ಸ್ ಸೆಟ್. 2023ರಲ್ಲಿ ಮಂಗಳೂರಲ್ಲಿ ಆದದ್ದು ನೆನಪುಂಟಲ್ಲ, ರಿಜಿಸ್ಟ್ರೇಶನ್ ಪತ್ರಗಳಲ್ಲಿದ್ದ ಬೆರಳಚ್ಚು ಎತ್ತಿ ಜನರ ಖಾತೆಯಿಂದ ಆಧಾರ್ ಮೂಲಕ ದುಡ್ಡು ತೆಗೆದದ್ದು, ಪೊಲೀಸರು ಬಿಹಾರದವರನ್ನು ಹಿಡಿದದ್ದು. ಹಾಗಾಗಿ ಬಾವನದ್ದೂ ಅಮ್ಮನದ್ದೂ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿಸಿದೆವು, ಇಸಿ ಆಗಾಗ ತೆಗೆದು ನೋಡ್ತಾ ಇದ್ದೇವೆ. ಇನ್ನು ಯಾರಿಗೆ ಝೆರಾಕ್ಸ್ ಕೊಡುವುದಿದ್ರೂ ಆಧಾರ್ ಮಾಸ್ಕ್ ಮಾಡಿದ್ದೇ (ನಂಬರಿನ ಹೆಚ್ಚಿನ ಅಂಕೆ ಮರೆಮಾಡಿದ್ದೇ) ಕೊಡಿ, ಪ್ರತಿ ಹಾಳೆಯಲ್ಲಿ ಅಕ್ಷರಗಳ ಮೇಲೆಯೇ ಅಡ್ಡಕ್ಕೆ ಇಂಥ ಬ್ಯಾಂಕಿನ ವ್ಯಾಲ್ಯುವೇಶನಿಗೆ ಮಾತ್ರ ಅಂತ ತಾರೀಕು ಹಾಕಿ ಬರೀರಿ, ಮೂಲೆಯಲ್ಲಿ ಬರೆದ್ರೆ ಅಳಿಸ್ತಾರೆ. ಒರಿಜಿನಲ್ ಕ್ರಯಪತ್ರ ವ್ಯಾಲ್ಯುವರ್ ಕೈಗೆ ಹೋಗುವ ಅಗತ್ಯವೇ ಇಲ್ಲ.

ಆಮೇಲೆ ಬೇರೆ ಬ್ಯಾಂಕಲ್ಲಿ ಲೋನ್ ಆಯ್ತು, ಈ ಸಲ ಕನ್ಸಲ್ಟೆಂಟ್ ಇಲ್ಲ. ವ್ಯಾಲ್ಯುವರ್ ಬರುವ ಮೊದಲು ಬ್ರಾಂಚಿಂದ ಹೆಸರು ಹೇಳಿ ಫೋನ್ ಬಂತು. ಅವರು ನಾಲ್ಕೂ ಗಡಿಕಲ್ಲು ತೋರಿಸಿ ಅಂತ ಕೂತುಬಿಟ್ರು, ಒಂದು ಕಲ್ಲು ದರಲೆ (ಉದುರಿದ ಒಣ ಎಲೆ) ಅಡಿಯಲ್ಲಿ ಹೂತು ಹೋಗಿತ್ತು, ಅದನ್ನು ಕೆರೆದು ತೆಗೆಸಿ ಸ್ಕೆಚ್ ಜೊತೆ ನೋಡಿದ್ರು, ಲೊಕೇಶನ್ ಬರುವ ಹಾಗೆ ಅಮ್ಮನನ್ನು ನಿಲ್ಲಿಸಿ ಫೋಟೋ ತೆಗೆದ್ರು, ಕುಮ್ಕಿಯಲ್ಲಿರುವ ತೆಂಗಿನಮರಗಳನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅಮ್ಮನಿಗೆ ಅದೊಂದು ಸ್ವಲ್ಪ ಬೇಜಾರು. ವ್ಯಾಲ್ಯೂ ಕಡಿಮೆಯೇ ಬಂತು, ಬೇಕಾದಷ್ಟು ಲೋನಿಗೆ ಸಾಕಾಯ್ತು.

ಆ ಕನ್ಸಲ್ಟೆಂಟ್ ಈಗಲೂ ಊರಿನ ವಾಟ್ಸಾಪ್ ಗ್ರೂಪುಗಳಲ್ಲಿ "ಒಂದೇ ದಿನದಲ್ಲಿ ಪ್ಯಾನಲ್ ವ್ಯಾಲ್ಯುವೇಶನ್, ಓನರ್ ಬರಬೇಕಾಗಿಲ್ಲ" ಅಂತ ಮೆಸೇಜ್ ಹಾಕ್ತಾ ಇದ್ದಾನೆ. ಅಂಥದ್ದು ನಿಮಗೆ ಬಂದ್ರೆ ಫಾರ್ವರ್ಡ್ ಮಾಡ್ಬೇಡಿ, ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಬ್ರಾಂಚ್ ಮ್ಯಾನೇಜರಿಗೆ ತೋರಿಸಿ.