ಸೆಮಿನಾರಿಗೆ ಮೈಸೂರಿಗೆ ಬರುವವರು ಸಿಟಿ ಬಸ್ಸನ್ನು ನೆಚ್ಚಿಕೊಳ್ಳಬಹುದೇ?

ಹಗಲು ಹೊತ್ತು ಧಾರಾಳವಾಗಿ ನೆಚ್ಚಿಕೊಳ್ಳಬಹುದು. ರಾತ್ರಿ ಒಂಬತ್ತು ದಾಟಿದ ಮೇಲೆ ಬೇಡ. ಊರಿನ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ಹೋಗುವುದಿದ್ದರೆ ಹಗಲಲ್ಲೂ ಆಟೊನೇ ವಾಸಿ. ಮೈಸೂರಿನ ಹೆಚ್ಚುಕಮ್ಮಿ ಎಲ್ಲ ಸಿಟಿ ಬಸ್ಸುಗಳೂ ಅರಮನೆ ಹತ್ತಿರದ ಸಿಟಿ ಬಸ್ ಸ್ಟ್ಯಾಂಡಿನಿಂದ ಹೊರಟು, ತಿರುಗಿ ಅಲ್ಲಿಗೇ ಬಂದು ಸೇರುತ್ತವೆ. ಬಡಾವಣೆಯಿಂದ ಬಡಾವಣೆಗೆ ನೇರ ಬಸ್ಸು ತೀರಾ ಕಡಿಮೆ. ಈ ಒಂದು ಸಂಗತಿ ತಿಳಿದಿದ್ದರೆ ಮೂರು ದಿನದ ಓಡಾಟ ಸಲೀಸು, ತಿಳಿಯದಿದ್ದರೆ ದಿನಕ್ಕೆ ಎರಡು ಸಲ ಬಸ್ಸು ಬದಲಾಯಿಸುತ್ತಾ ಬೆಳಗಿನ ಮೊದಲ ಗೋಷ್ಠಿ ತಪ್ಪಿಸಿಕೊಳ್ಳುತ್ತೀರಿ.

ಆದ್ದರಿಂದ ರೂಮು ಬುಕ್ ಮಾಡುವ ಮೊದಲು ಸಭೆ ಯಾವ ರಸ್ತೆಯಲ್ಲಿದೆ ಎಂದು ನೋಡಿ. ಗಂಗೋತ್ರಿಯಲ್ಲಿದ್ದರೆ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿದ್ದರೆ, ಜೆಎಲ್‌ಬಿ ರಸ್ತೆ, ಸರಸ್ವತಿಪುರ, ಒಂಟಿಕೊಪ್ಪಲು ಕಡೆ ಉಳಿದುಕೊಳ್ಳಿ. ಲಲಿತಮಹಲ್ ರಸ್ತೆಯ ಆಡಳಿತ ತರಬೇತಿ ಸಂಸ್ಥೆಯಲ್ಲಿದ್ದರೆ ನಜರ್‌ಬಾದ್ ಅನುಕೂಲ. ಇದನ್ನು ಅದಲು ಬದಲು ಮಾಡಿಕೊಂಡರೆ ದಿನಾ ಊರಿನ ಮಧ್ಯ ಹಾಯ್ದು ಹೋಗಬೇಕು.

ಮೊದಲು ಸ್ಟ್ಯಾಂಡುಗಳ ಗೊಂದಲ ಬಿಡಿಸಿಕೊಳ್ಳಿ. ಬೆಂಗಳೂರಿನಿಂದ ಬರುವ ಬಸ್ಸು ನಿಮ್ಮನ್ನು ಇಳಿಸುವುದು ಸಬರ್ಬ್ ಬಸ್ ಸ್ಟ್ಯಾಂಡಿನಲ್ಲಿ, ಅಂದರೆ ಗ್ರಾಮಾಂತರ ನಿಲ್ದಾಣದಲ್ಲಿ. ಸಿಟಿ ಬಸ್ಸುಗಳ ನಿಲ್ದಾಣ ಬೇರೆ, ಅಲ್ಲಿಂದ ಸುಮಾರು ಹದಿನೈದು ನಿಮಿಷದ ನಡಿಗೆ. ಆಟೊದವರಿಗೆ ಬರೀ ‘ಬಸ್ ಸ್ಟ್ಯಾಂಡ್’ ಎಂದರೆ ಯಾವುದು ಎಂದು ತಿರುಗಿ ಕೇಳುತ್ತಾರೆ. ‘ಸಿಟಿ’ ಅಥವಾ ‘ಸಬರ್ಬ್’ ಎಂದು ಸೇರಿಸಿಯೇ ಹೇಳಿ. ಹೊರರಾಜ್ಯದಿಂದ ವಿಮಾನದಲ್ಲಿ ಬರುವವರು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದಲೇ ಹೊರಡುವ ಸರ್ಕಾರಿ ಬಸ್ಸಾದ ಫ್ಲೈಬಸ್ ಹಿಡಿದರೆ ಮೈಸೂರಿಗೇ ಬಂದು ಇಳಿಯಬಹುದು. ಮೆಜೆಸ್ಟಿಕ್‌ಗೆ ಹೋಗಿ, ಅಲ್ಲಿಂದ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣಕ್ಕೆ ಪೆಟ್ಟಿಗೆ ಎಳೆದುಕೊಂಡು ಹೋಗುವ ಪಾಡು ತಪ್ಪುತ್ತದೆ. ಬೆಂಗಳೂರು ನಗರದೊಳಗಿನಿಂದ ಹೊರಡುವವರಿಗೆ ಮಾತ್ರ ಆ ಸ್ಯಾಟಲೈಟ್ ನಿಲ್ದಾಣವೇ ಸರಿ, ಅದಕ್ಕೆ ಹತ್ತಿರದ ಮೆಟ್ರೊ ನಿಲ್ದಾಣ ದೀಪಾಂಜಲಿ ನಗರ. ರೈಲಿಗೆ ಬರುವವರಲ್ಲಿ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಸಭೆಗೆ ಹೋಗುವವರು ಅದೃಷ್ಟವಂತರು. ಮುಖ್ಯದ್ವಾರದ ಕಡೆ ಹೋಗದೆ ಕೆಆರ್‌ಎಸ್ ರಸ್ತೆ ಕಡೆಯ ಎರಡನೇ ದ್ವಾರದಿಂದ ಹೊರಬಿದ್ದರೆ ನಡೆದೇ ತಲುಪಬಹುದು, ರೈಲ್ವೆ ಮ್ಯೂಸಿಯಂ ಕೂಡ ಆ ಕಡೆಯೇ ಇದೆ.

ಹೊರಗಿನವರು ಹೆಚ್ಚು ತಬ್ಬಿಬ್ಬಾಗುವುದು ‘ಯೂನಿವರ್ಸಿಟಿ’ ಎಂಬ ಪದದಿಂದ. ಆಹ್ವಾನ ಪತ್ರಿಕೆಯಲ್ಲಿ ‘ಮೈಸೂರು ವಿಶ್ವವಿದ್ಯಾನಿಲಯ’ ಎಂದಷ್ಟೇ ಇದ್ದರೆ ಸಂಘಟಕರಿಗೆ ಫೋನ್ ಮಾಡಿ ಕೇಳಿ: ಕ್ರಾಫರ್ಡ್ ಹಾಲೋ, ಮಾನಸಗಂಗೋತ್ರಿಯೋ? ಕ್ರಾಫರ್ಡ್ ಹಾಲ್ ಆಡಳಿತ ಕಚೇರಿ. ವಿಭಾಗಗಳೂ ಸೆನೆಟ್ ಭವನವೂ ಇರುವುದು ಗಂಗೋತ್ರಿಯಲ್ಲಿ. ಕಂಡಕ್ಟರಿಗೂ ‘ಗಂಗೋತ್ರಿ’ ಎಂದೇ ಹೇಳಿ. ಬರೀ ಯೂನಿವರ್ಸಿಟಿ ಎಂದರೆ ಹುಣಸೂರು ರಸ್ತೆಯ ಓಪನ್ ಯೂನಿವರ್ಸಿಟಿ ಎಂದುಕೊಂಡಾರು. ಇನ್ನೊಂದು ವಿಷಯ, ಗಂಗೋತ್ರಿಯ ಒಂದು ಕಡೆ ಹುಣಸೂರು ರಸ್ತೆ, ಇನ್ನೊಂದು ಕಡೆ ಬೋಗಾದಿ ರಸ್ತೆ. ಭಾರತೀಯ ಭಾಷಾ ಸಂಸ್ಥಾನಕ್ಕೆ ಹುಣಸೂರು ರಸ್ತೆಯ ಬಸ್ಸು ಬೇಕು, ವಾಕ್ ಶ್ರವಣ ಸಂಸ್ಥೆಗೆ ಬೋಗಾದಿ ಕಡೆಯದು. ಆವರಣ ನೂರಾರು ಎಕರೆ ಇದೆ. ತಪ್ಪು ಕಡೆ ಇಳಿದರೆ ಪೋಸ್ಟರಿನ ಸುರುಳಿ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಅರ್ಧ ಗಂಟೆ ನಡೆಯಬೇಕಾಗುತ್ತದೆ.

ಬಸ್ಸಿನ ಬೋರ್ಡು ಓದುವ ಕ್ರಮವೂ ಇದೆ. ನಂಬರು ದೊಡ್ಡದಾಗಿರುತ್ತದೆ, ಕೊನೆಯ ಊರಿನ ಹೆಸರು ಅದರ ಪಕ್ಕ. ಹೊಸಬರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ನಿಮಗೆ ಬೇಕಾದದ್ದು ಸಣ್ಣ ಅಕ್ಷರದ ‘ಮಾರ್ಗ’. ಒಂದೇ ಬಡಾವಣೆಗೆ ಎರಡು ಮೂರು ದಾರಿಯಲ್ಲಿ ಹೋಗುವ ಬಸ್ಸುಗಳಿವೆ, ನಂಬರಿನ ಕೊನೆಯ ಅಕ್ಷರ ಬದಲಾದರೂ ದಾರಿ ಬದಲಾಗಿರಬಹುದು. ಕನ್ನಡ ಓದಲು ಬಾರದ ಅತಿಥಿಗಳಿಗೆ ಸಂಘಟಕರು ಇಳಿಯುವ ಸ್ಟಾಪಿನ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದ ಒಂದು ಚೀಟಿ ಕೊಟ್ಟರೆ ಸಾಕು, ಕಂಡಕ್ಟರೂ ಪಕ್ಕದಲ್ಲಿ ಕೂತವರೂ ಸೇರಿ ಇಳಿಸಿಬಿಡುತ್ತಾರೆ. ಆ ಮಟ್ಟಿಗೆ ಮೈಸೂರಿನ ಬಸ್ಸು ಹೊಸಬರ ಪಾಲಿಗೆ ಬೆಂಗಳೂರಿಗಿಂತ ಎಷ್ಟೋ ಮೇಲು.

ಟಿಕೆಟಿಗೆ ಹತ್ತು, ಇಪ್ಪತ್ತರ ನೋಟು ಇಟ್ಟುಕೊಳ್ಳಿ. ಕ್ಯೂಆರ್ ತೋರಿಸುವ ಟಿಕೆಟ್ ಯಂತ್ರ ಬಂದಿದೆ, ಆದರೆ ಒಂಬತ್ತು ಗಂಟೆಯ ನೂಕುನುಗ್ಗಲಲ್ಲಿ ನೆಟ್‌ವರ್ಕ್ ಸಿಗದೆ ಫೋನು ಸುತ್ತುತ್ತಾ ನಿಂತರೆ ಹಿಂದಿನವರಿಗೆಲ್ಲ ಅಡ್ಡಿ. ಐನೂರರ ನೋಟು ಕೊಟ್ಟರೆ ಕಂಡಕ್ಟರು ಬಾಕಿಯನ್ನು ಟಿಕೆಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಆ ಟಿಕೆಟು ಬೀಳಿಸಿಕೊಂಡರೆ ದುಡ್ಡೂ ಹೋದಂತೆ. ಇಳಿಯುವ ಸ್ಟಾಪಿಗೆ ಎರಡು ಸ್ಟಾಪು ಮೊದಲೇ ಎದ್ದು ಹೋಗಿ ಚಿಲ್ಲರೆ ಕೇಳಿ ಪಡೆಯಿರಿ. ಹೆಂಗಸರಿಗೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ಪ್ರಯಾಣ ಉಚಿತ, ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಪಡೆಯಲೇಬೇಕು. ಕೇರಳದಿಂದಲೋ ದೆಹಲಿಯಿಂದಲೋ ಬಂದವರು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕು. ಐರಾವತ, ರಾಜಹಂಸ, ಫ್ಲೈಬಸ್‌ನಂಥ ಬಸ್ಸುಗಳಿಗೆ ಈ ಉಚಿತ ಅನ್ವಯವಾಗುವುದಿಲ್ಲ.

ಗೋಷ್ಠಿ ಮುಗಿದ ಮೇಲೆ ಚಾಮುಂಡಿ ಬೆಟ್ಟಕ್ಕೆ ಹೋಗುವವರಿಗೆ ಸಿಟಿ ಸ್ಟ್ಯಾಂಡಿನಿಂದ 201 ನಂಬರಿನ ಬಸ್ಸು. ಇಡೀ ಜಾಲದಲ್ಲಿ ಹೊರಗಿನವರಿಗೆ ಇಷ್ಟು ಸುಲಭವಾದ ಬಸ್ಸು ಇನ್ನೊಂದಿಲ್ಲ, ಹತ್ತಿದರೆ ನೇರ ಬೆಟ್ಟದ ಮೇಲೆಯೇ ಇಳಿಯುವುದು. ಇಳಿಯುವಾಗ ಮೆಟ್ಟಿಲು ಹಿಡಿದರೆ ನಂದಿಯನ್ನೂ ನೋಡಿದಂತಾಗುತ್ತದೆ. ಆದರೆ ಬೆಟ್ಟದ ಪಾದದಲ್ಲಿ ಬಸ್ಸು ಕಾದು ನಿಂತಿರುವುದಿಲ್ಲ, ಆಟೊ ಹುಡುಕಬೇಕು. ಮೃಗಾಲಯಕ್ಕೆ ಮಂಗಳವಾರ ರಜೆ. ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ ಹತ್ತಿಸುತ್ತಾರೆ. ದೀಪ ಆರಿದ ಕೂಡಲೇ ಆ ಜನವೆಲ್ಲ ಪಕ್ಕದ ಸಿಟಿ ಸ್ಟ್ಯಾಂಡಿಗೇ ನುಗ್ಗುವುದರಿಂದ ಹತ್ತು ನಿಮಿಷ ಮೊದಲೇ ಹೊರಡುವುದು ಜಾಣತನ. ದಸರಾ ದಿನಗಳಲ್ಲಿ ಅರಮನೆ ಸುತ್ತಲಿನ ರಸ್ತೆಗಳಲ್ಲಿ ಸಂಚಾರ ಬದಲಾಗುತ್ತದೆ, ಆಗ ಮೇಲೆ ಹೇಳಿದ ಯಾವ ಲೆಕ್ಕವೂ ನಡೆಯುವುದಿಲ್ಲ. ಆ ವಾರ ಸಮ್ಮೇಳನ ಇಟ್ಟುಕೊಳ್ಳದಿರುವುದೇ ಅತಿಥಿಗಳಿಗೆ ಮಾಡುವ ಉಪಕಾರ.

ರಾತ್ರಿಯೂಟ ತಡವಾಗುವ ದಿನ ಆಟೊ ಹೇಳಿಟ್ಟುಕೊಳ್ಳಿ. ಮೀಟರ್ ಹಾಕಲು ಕೇಳಿ, ಇಲ್ಲವೇ ಹತ್ತುವ ಮೊದಲೇ ದುಡ್ಡು ಮಾತಾಡಿ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಕೇಳುವುದು ರೂಢಿ.

ಕೊನೆಯ ದಿನ ಗಂಗೋತ್ರಿಯಿಂದ ರೈಲಿಗೆ ಹೋಗುವವರು ಸಿಟಿ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬರುವ ಅಗತ್ಯವಿಲ್ಲ. ಹುಣಸೂರು ರಸ್ತೆಯ ಬಸ್ಸು ಹತ್ತುವಾಗಲೇ ‘ಮೆಟ್ರೊಪೋಲ್ ಸರ್ಕಲ್‌ಗೆ ಹೋಗುತ್ತಾ?’ ಎಂದು ಕೇಳಿ, ಅಲ್ಲೇ ಇಳಿದು, ಜೆಎಲ್‌ಬಿ ರಸ್ತೆ ಹಿಡಿದು ನಡೆದರೆ ಸ್ಟೇಷನ್ ಹತ್ತಿರ. ಭಾರದ ಪೆಟ್ಟಿಗೆ ಇದ್ದರೆ ಮಾತ್ರ ಗಂಗೋತ್ರಿ ಗೇಟಿನಲ್ಲೇ ಆಟೊ ಹಿಡಿಯಿರಿ, ಬೆಳಗಿನ ಬಸ್ಸಿನಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ.